ಎಲ್ಲರಿಗೂ ತೆರೆದಿಟ್ಟ ನಕ್ಷೆ

ನಮ್ಮೂರಿನ ನಕ್ಷೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿದೆ. ಲಿಂಕ್ ಸಿಕ್ಕವರು ಯಾರು ಬೇಕಾದರೂ ನೋಡಬಹುದು. ಹಾಗೆಲ್ಲ ಬಿಡಬಾರದು, ಮುಚ್ಚಿಬಿಡು ಎಂದು ಬುದ್ಧಿ ಹೇಳುವವರಿಗೇನೂ ಬರವಿಲ್ಲ. ನಾನು ಮುಚ್ಚುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ.

ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ಹೊಲಗಳಿಗೆ ಇರುವುದು ಒಂದೇ ಬಂಡಿದಾರಿ. ಹಸು ಹೊಡೆದುಕೊಂಡು ಹೋಗುವುದು, ಹುಲ್ಲಿನ ಹೊರೆ ತರುವುದು ಎಲ್ಲ ಅದರಲ್ಲೇ. ಪಕ್ಕದ ಜಮೀನು ಕೊಂಡ ಹೊಸ ಯಜಮಾನ ದಾರಿಗೆ ಅಡ್ಡಲಾಗಿ ಕಂಬ ನೆಡಲು ಗುಂಡಿ ತೋಡಿಸಿದ. ಕೇಳಿದ್ದಕ್ಕೆ, "ದಾರಿ ಇತ್ತು ಅನ್ನೋಕೆ ಏನಿದೆ ನಿಮ್ಮ ಹತ್ರ? ಶನಿವಾರ ಹನ್ನೆರಡರೊಳಗೆ ಬೆಂಗಳೂರಿನ ನಮ್ಮ ವಕೀಲರಿಗೆ ಮೈಲ್ ಮಾಡಿ. ಅವರು ಒಪ್ಪಿದ್ರೆ ಗುಂಡಿ ಮುಚ್ಚಿಸ್ತೀನಿ, ಇಲ್ಲಾಂದ್ರೆ ಕಾಂಕ್ರೀಟು," ಎಂದು ನಕ್ಕ. ಹಾಲು ಕರೆಯುವ ಹೆಂಗಸರು ಮೈಲ್ ಮಾಡುತ್ತಾರೆಯೇ ಎಂಬ ನಗು ಅದು. ನನಗೆ ಮೈಯೆಲ್ಲ ಉರಿಯಿತು.

ಮಾವನವರ ಟ್ರಂಕಿನಲ್ಲಿ ಹಳೆಯ ಸರ್ವೆ ನಕ್ಷೆಯಿತ್ತು. ಚಾಪೆಯಷ್ಟು ಅಗಲ. ಬಂಡಿದಾರಿ ಎಂದರೆ ಅದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳ ಎರಡು ಸಾಲು, ಅಷ್ಟೇ. ಶನಿವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿದವಳೇ ಆಂಡರ್ಸನ್‌ಪೇಟೆಯ ಬಸ್ಸು ಹತ್ತಿದೆ. ಅಂಥ ದೊಡ್ಡ ಹಾಳೆ ಸ್ಕ್ಯಾನ್ ಮಾಡುವ ಅಂಗಡಿ ಅಲ್ಲಿದೆ. ಸ್ಕ್ಯಾನ್ ಏನೋ ಆಯಿತು, ಆದರೆ ಫೈಲು ದೊಡ್ಡದಾಯಿತೆಂದು ಮೈಲ್ ಅದನ್ನು ಹೊರಲೇ ಇಲ್ಲ. ಫೋಟೋ ಮಾಡಿ ವಾಟ್ಸಾಪಿನಲ್ಲಿ ಹಾಕಿ ನೋಡಿದರೆ ಚುಕ್ಕೆಗಳೇ ಮಾಯ!

"ಬುಡಿ ಅಕ್ಕಾ," ಎಂದ ಅಂಗಡಿಯವನು. "ಫೈಲು ನಿಮ್ಮ ಡ್ರೈವ್‌ನಾಗೇ ಇರ್ಲಿ. ವಕೀಲರ್ಗೆ ಬರೀ ಲಿಂಕ್ ಕಳ್ಸಾಣ. ಅವ್ರೇ ಒತ್ತಿ ನೋಡ್ಕೋತಾರೆ." ನನ್ನ ಫೋನಿನಿಂದಲೇ ಕಳಿಸಿಕೊಟ್ಟ.

ವಾಪಸು ಬರುವ ಬಸ್ಸು ಊರಿಗಾಂ ದಾಟುವಾಗ ನನ್ನ ಫೋನಿಗೆ ಒಂದು ಮೈಲ್ ಬಂತು. ಯಾರೋ ಒಪ್ಪಿಗೆ ಕೇಳುತ್ತಿದ್ದರು, ಗುರುತಿಲ್ಲದ ಹೆಸರು. ನಮ್ಮೂರಿನ ಒಬ್ಬಳು ಯಾರಿಗೋ ಒಪ್ಪಿಗೆ ಒತ್ತಿ ಅವಳ ಫೋನು ಕಳ್ಳರ ಪಾಲಾದ ಮೇಲೆ, ಡೈರಿಯ ಮುಂದೆ ಸಾಲು ನಿಲ್ಲುವ ನಾವು ಹೆಂಗಸರೆಲ್ಲ ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು: ಫೋನಿನಲ್ಲಿ ಯಾರು ಒಪ್ಪಿಗೆ ಕೇಳಿದರೂ ಕೊಡಕೂಡದು. ಕೊಟ್ಟವಳಿಗೆ ಮಾರನೆಯ ಬೆಳಿಗ್ಗೆ ಸಾಲಿನಲ್ಲೇ ಮಂಗಳಾರತಿ. ಬಂದ ಮೈಲನ್ನು ಅಳಿಸಿ ಹಾಕಿದೆ. ಇನ್ನೊಂದು ಬಂತು, ಅದನ್ನೂ ಅಳಿಸಿದೆ. ನನ್ನ ಹತ್ತಿರ ನಡೆಯುತ್ತಾ ಇವರ ಆಟ ಎಂದು ಬೀಗಿದ್ದೂ ಆಯಿತು.

ಊರು ಸೇರಿ ನೇರ ಹೊಲದ ಕಡೆ ಹೋದರೆ ಆಗಲೇ ಕಾಂಕ್ರೀಟು ಕಲೆಸುತ್ತಿದ್ದರು. ನಮ್ಮತ್ತೆ ಹಸುವಿನ ಹಗ್ಗ ಹಿಡಿದು ಗುಂಡಿಯ ಮುಂದೆ ನಿಂತಿದ್ದರು, ಅವರ ಹಿಂದೆ ಡೈರಿಯ ಹೆಂಗಸರು.

"ನಿಮ್ಮ ನಕ್ಷೆ ತೆರೆಯೋದೇ ಇಲ್ವಂತಲ್ಲ," ಎಂದ ಯಜಮಾನ. "ವಕೀಲರು ಎರಡು ಸಲ ಒಪ್ಪಿಗೆ ಕೇಳಿದ್ರೂ ನೀವು ಕೊಡಲಿಲ್ಲವಂತೆ."

ಅಯ್ಯೋ, ನನ್ನ ಬುದ್ಧಿಗಿಷ್ಟು! ಕಳ್ಳನೆಂದು ನಾನು ಓಡಿಸಿದ್ದು ವಕೀಲರನ್ನೇ. ಹೆಂಗಸರ ಮುಖ ನೋಡಲಾಗದಷ್ಟು ನಾಚಿಕೆಯಾಯಿತು. ಹನ್ನೆರಡಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಅಂಗಡಿಯವನಿಗೆ ಫೋನ್ ಮಾಡಿದೆ.

"ಅಯ್ಯಯ್ಯೋ ಅಕ್ಕಾ, ಲಿಂಕ್ ಒತ್ತಿದೋರ್ಗೆ ಫೈಲು ತೆರೆಯೋ ಅಂಗೆ ಮಾಡೋದು ನಾನೇ ಮರ್ತೋದೆ. ಈಗ ನಾನ್ ಏಳ್ದಂಗೆ ಒತ್ತಿ," ಎಂದ.

ಯಜಮಾನನದೇ ಸಿಮೆಂಟಿನ ಮೂಟೆಯ ಮೇಲೆ ಕುಳಿತು ಒತ್ತುತ್ತಾ ಹೋದೆ. ಒಬ್ಬರಿಗೆ ಮಾತ್ರವೋ, ಲಿಂಕ್ ಇರುವವರಿಗೆಲ್ಲವೋ ಎಂದು ಫೋನು ಕೇಳಿತು. ಎಲ್ಲರಿಗೂ ಎಂದು ಒತ್ತಿದೆ. ವಕೀಲರಿಗೆ ಕಳಿಸಿ, ಡೈರಿಯ ವಾಟ್ಸಾಪ್ ಗುಂಪಿಗೂ ಹಾಕಿದೆ.

"ಅವರಿಗೆಲ್ಲ ಯಾಕೆ?" ಎಂದ ಯಜಮಾನ, ನನ್ನ ಫೋನಿನೊಳಗೆ ಇಣುಕಿ.

"ದಾರಿ ಅವರ್ದು. ಅವರು ನೋಡ್ದೆ ಇನ್ಯಾರು ನೋಡ್ಬೇಕು?"

ಸುತ್ತಲೂ ಫೋನುಗಳು ಸದ್ದು ಮಾಡಿದವು. ಪಕ್ಕದ ಮನೆಯವಳು ತನ್ನ ಫೋನಿನಲ್ಲಿ ನಕ್ಷೆಯನ್ನು ಹಿಗ್ಗಿಸಿ ಅತ್ತೆಯ ಕೈಗಿಟ್ಟಳು. ಓದು ಬಾರದ ಅತ್ತೆ ಊರಿನ ಬಾವಿಯಿಂದ ಶುರುಮಾಡಿ, ನೀರಿನ ಕುಂಟೆಯ ತಿರುವು ದಾಟಿ, ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾ ಬಂದರು. ಅಷ್ಟರಲ್ಲಿ ಯಜಮಾನನಿಗೆ ವಕೀಲರ ಫೋನು ಬಂತು. "ಹೂಂ ಸಾರ್... ಹೂಂ..." ಎಂದವನು ಆಳುಗಳಿಗೆ ಕೈಸನ್ನೆ ಮಾಡಿದ. ಸಲಿಕೆಗಳು ನಿಂತವು.

ಅತ್ತೆಯ ಬೆರಳೂ ನಿಂತಿತು. ತಲೆಯೆತ್ತಿ ಅವನನ್ನು ನೋಡಿದರು.

"ನೀನು ನಿಂತಿರೋದು ಇಲ್ಲೇ ಕಣಪ್ಪ, ಈ ಎರಡು ಸಾಲಿನ ಮಧ್ಯೆ. ಅತ್ಲಾಗೆ ಜರುಗು, ಅಸ ಓಗ್ಬೇಕು."

ಅವನು ಜರುಗಿದ.