ಚೈನ್ ಎಳೆದವರು ಮೂವರು

ಅದು ೨೦೨೩ರ ಮೇ ತಿಂಗಳು. ನಾನಾಗ ಹುಬ್ಬಳ್ಳಿಯಲ್ಲಿ ಎಕ್ಸ್‌ಪ್ರೆಸ್ ಗಾಡಿಗಳ ಗಾರ್ಡ್ ಆಗಿದ್ದೆ. ಅದಕ್ಕೆ ಸ್ವಲ್ಪ ಮೊದಲು ನಮ್ಮ ಹುದ್ದೆಯ ಹೆಸರನ್ನು ‘ಟ್ರೇನ್ ಮ್ಯಾನೇಜರ್’ ಎಂದು ಬದಲಿಸಿದ್ದರು. ಕೆಲಸ ಮಾತ್ರ ಹಳೆಯದೇ. ಗಾಡಿಯ ಕಟ್ಟಕಡೆಯ ಬ್ರೇಕ್ ವ್ಯಾನಿನಲ್ಲಿ ಕುಳಿತು, ಮುಂದಿರುವ ಅಷ್ಟೂ ಬೋಗಿಗಳು ಸುರಕ್ಷಿತವಾಗಿ ಬರುತ್ತಿವೆಯೇ ಎಂದು ನೋಡುವುದು. ನನ್ನೂರು ಬೈಲಹೊಂಗಲ. ಊರಿಗೆ ಹೋದಾಗ ಜನ ಕೇಳುತ್ತಿದ್ದರು: “ಹಿಂದಿನ ಡಬ್ಬ್ಯಾಗ ಕುಂತು ನೀವ ಮಾಡೂದರ ಏನ್ರಿ? ಗಾಡಿ ಹೊಡ್ಯೂದು ಮುಂದಿಂದ ಅಲ್ಲೇನು?” ಕೇಳುವುದರಲ್ಲಿ ತಪ್ಪಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ರೈಲು ಹಳಿ ಬಂದಿಲ್ಲ. ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ಹೀಗಾಗಿ ರೈಲಿನ ಒಳಗೆ ಏನೇನಿರುತ್ತದೆ ಎಂಬುದು ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ಹೊಸದು.

ಅಂದು ನಮ್ಮ ಗಾಡಿ ಬೆಳಿಗ್ಗೆ ಧಾರವಾಡ ಬಿಟ್ಟು ಗೋವಾದ ಕಡೆಗೆ ಹೊರಟಿತ್ತು. ಶಾಲೆಗಳಿಗೆ ಸೂಟಿ ಇದ್ದ ಕಾಲ. ಸ್ಲೀಪರ್ ಬೋಗಿಗಳಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೆಂದು ಮನೆಗೆ ಮನೆಯೇ ಸಮುದ್ರ ನೋಡಲು ಹೊರಟಿತ್ತು. ಅಳ್ನಾವರ ದಾಟಿ ಕಾಡು ಶುರುವಾದ ಮೇಲೆ ನನ್ನ ಎದುರಿನ ಗೇಜಿನ ಮುಳ್ಳು ಇದ್ದಕ್ಕಿದ್ದಂತೆ ಇಳಿಯತೊಡಗಿತು. ಗಾಡಿಯ ಬ್ರೇಕ್‌ಗಳನ್ನು ಬಿಗಿಯಾಗದಂತೆ ಹಿಡಿದಿಡುವುದು ಕೊಳವೆಯೊಳಗಿನ ಗಾಳಿಯ ಒತ್ತಡ. ಯಾರಾದರೂ ಅಪಾಯದ ಸರಪಳಿ ಎಳೆದರೆ ಆ ಗಾಳಿ ಹೊರಬರುತ್ತದೆ, ಬ್ರೇಕ್ ಹಿಡಿಯುತ್ತದೆ. ಲೋಕೋ ಪೈಲಟ್ ಎರಡು ಗಿಡ್ಡ, ಒಂದು ಉದ್ದ ಸೀಟಿ ಹೊಡೆದರು. ಚೈನ್ ಎಳೆದಿದ್ದಾರೆ ಎಂದು ಅದರ ಅರ್ಥ. ಗಾಡಿ ಎರಡೂ ಬದಿ ತೇಗದ ಮರಗಳಿದ್ದ ಜಾಗದಲ್ಲಿ ನಿಂತಿತು.

ಮುಂದಿನಿಂದ ಸಹಾಯಕ ಪೈಲಟ್, ಹಿಂದಿನಿಂದ ನಾನು, ಜಲ್ಲಿಕಲ್ಲಿನ ಮೇಲೆ ನಡೆಯುತ್ತ ಬಂದೆವು. ಹಿಂದಿನಿಂದ ನಾಲ್ಕನೆಯ ಬೋಗಿಯ ತುದಿಯಲ್ಲಿ ಗಾಳಿ ಬುಸ್ ಎನ್ನುತ್ತಿತ್ತು. ಅದನ್ನು ಮುಚ್ಚುವ ಕೆಲಸ ಅವರಿಗೆ ಬಿಟ್ಟು ನಾನು ಒಳಗೆ ಹತ್ತಿದೆ.

ಬೋಗಿಯ ನಡುವಿನ ಒಂದು ಕಂಪಾರ್ಟ್‌ಮೆಂಟಿನಲ್ಲಿ ಕಿಟಕಿಯ ಮೇಲಿನ ಕೆಂಪು ಹಿಡಿಕೆ ಕೆಳಗೆ ಜೋತುಬಿದ್ದಿತ್ತು. ಅದರ ಕೆಳಗೆ ಆರು ಜನರ ಕುಟುಂಬ. ಬಿಳಿ ಟೋಪಿಯ ಯಜಮಾನ ಗಿರಿಮಲ್ಲಪ್ಪ, ರಾಮದುರ್ಗ ತಾಲೂಕಿನ ಕಟಕೋಳದಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಹೆಂಡತಿ ಗಂಗವ್ವ. ಮಗ ಮಲ್ಲೇಶ, ಸೊಸೆ ಶೋಭಾ. ಐದು ವರ್ಷದ ಮೊಮ್ಮಗಳು ಸಾನ್ವಿ, ಏಳು ತಿಂಗಳ ಮೊಮ್ಮಗ. ಕೂಸು ಅಜ್ಜಿಯ ತೊಡೆಯ ಮೇಲೆ ಕಿರುಚಿ ಅಳುತ್ತಿತ್ತು. ಸಾನ್ವಿ ಸೀಟಿನ ಕೆಳಗೆ ಚೀಲಗಳ ಹಿಂದೆ ಅಡಗಿದ್ದಳು. ಕಾಲು ಮಾತ್ರ ಕಾಣುತ್ತಿತ್ತು.

“ಯಾರ ಎಳದವರು?” ಎಂದೆ.

“ನಾನ್ರೀ ಸಾಹೇಬ್ರ,” ಎಂದು ಗಿರಿಮಲ್ಲಪ್ಪ ಎದ್ದು ನಿಂತರು.

“ಅಪ್ಪ ಸುಳ್ಳ ಹೇಳತಾನ್ರಿ. ಎಳದಾಂವ ನಾ,” ಎಂದ ಮಲ್ಲೇಶ.

“ಇಬ್ಬರೂ ಸುಮ್ಮಕುಂಡ್ರಿ. ನಾ ಎಳದೇನ್ರಿ, ನನ್ನ ಹೆಸರ ಬರಕೋರಿ,” ಎಂದಳು ಶೋಭಾ.

ಪಕ್ಕದ ಸೀಟಿನಲ್ಲಿ ಕನ್ನಡಕದ ಗೃಹಸ್ಥರೊಬ್ಬರು ಕುಳಿತಿದ್ದರು. “ಇಷ್ಟ ಮಂದಿ ಕೂಡಿ ಎಳದಿದ್ರ ಗಾಡಿ ಹೊಳ್ಳಿ ಧಾರವಾಡಕ್ಕ ಹೋಗತಿತ್ತು ಬಿಡ್ರಿ,” ಎಂದರು. ಸುತ್ತ ನೆರೆದವರು ನಕ್ಕರು. ಮನೆಯವರು ಯಾರೂ ನಗಲಿಲ್ಲ. ಚೈನ್ ಎಳೆದರೆ ಒಂದು ವರ್ಷ ಜೈಲು ಎಂದು ನಾನು ಬರುವ ಮೊದಲೇ ಇದೇ ಗೃಹಸ್ಥರು ಅವರಿಗೆ ಹೇಳಿದ್ದರು. ಕಾನೂನಿನಲ್ಲಿ ಅಷ್ಟರವರೆಗೆ ಶಿಕ್ಷೆ ಇರುವುದೂ ನಿಜವೇ. ಸಕಾರಣವಿಲ್ಲದೆ ಎಳೆದಿದ್ದರೆ ಮುಂದಿನ ಲೋಂಡಾ ಜಂಕ್ಷನ್‌ನಲ್ಲಿ ಅವರನ್ನು ರೈಲ್ವೆ ರಕ್ಷಣಾ ದಳಕ್ಕೆ ಒಪ್ಪಿಸಬೇಕು. ಒಬ್ಬರು ಇಳಿದರೆ ಆರೂ ಜನ ಇಳಿದಂತೆ.

ನಾನು ಹಿಡಿಕೆಯನ್ನು ನೋಡಿದೆ. ಅದರ ಸಂದಿನಲ್ಲಿ ಒಂದು ಕೆಂಪು ದಾರ ಸಿಕ್ಕಿಕೊಂಡಿತ್ತು. ಎದುರಿಗೆ, ದಾರಿಯ ಬದಿಯ ಮೇಲಿನ ಬರ್ತಿನ ಕಂಬಿಯ ಮೇಲೆ ಬಟ್ಟೆ ಉಜ್ಜಿ ಧೂಳು ಹೋಗಿತ್ತು. ಗಂಗವ್ವ ಏನನ್ನೋ ಮಡಚಿ ಅದರ ಮೇಲೆ ಕುಳಿತಿದ್ದರು. ಅದೇ ಕೆಂಪಿನ ಸೆರಗಿನ ತುದಿಯೊಂದು ಅವರ ಅಡಿಯಿಂದ ಇಣುಕುತ್ತಿತ್ತು.

“ಅವ್ವಾ, ಆ ಸೀರಿ ತಗೀರಿ,” ಎಂದೆ.

ಗಂಗವ್ವ ತೆಗೆದರು. ಎರಡೂ ತುದಿಯಲ್ಲಿ ಗಂಟು ಹಾಕಿ ಬಿಚ್ಚಿದ ಸುಕ್ಕು ಇನ್ನೂ ಹೋಗಿರಲಿಲ್ಲ.

“ಕೂಸಿಗೆ ಜೋಳಿಗಿ ಕಟ್ಟಿದ್ನಿರಿ, ತೊಟ್ಟಿಲದಂಗ,” ಎಂದರು. “ಧಾರವಾಡದಿಂದ ಒಂದ ಸವನ ಅಳಾಕ ಹತ್ತಿತ್ತು. ಜೋಳಿಗ್ಯಾಗ ಹಾಕಿದ್ರನ ಮಲಗತೈತಿ. ಮನ್ಯಾಗ ಜಂತಿಗೆ ಕೊಂಡಿ ಐತಿ. ಇಲ್ಲಿ ನೋಡಿದೆ, ಇದೊಂದ ಗಟ್ಟಿ ಕಾಣಿಸ್ತು. ಸರಕಾರಿ ಕಬ್ಬಣ, ಹರಿಯಂಗಿಲ್ಲ ಅಂದ್ಕೊಂಡೆ.”

“ಮ್ಯಾಲ ಬರದದ್ದ ಓದಿಲ್ಲೇನ್ರಿ?”

“ಓದೇನಿ. ಗಾಡಿ ನಿಲ್ಲಸಾಕ ಎಳೀರಿ ಅಂತ ಐತಿ. ನಾ ಎಳದಿಲ್ಲಲ್ರಿ, ಬರೇ ಕಟ್ಟೇನಿ.”

ಮೊದಲ ಸ್ವಲ್ಪ ಹೊತ್ತು ಏನೂ ಆಗಿರಲಿಲ್ಲ. ಕೂಸು ಮಲಗಿತ್ತು. ಆಮೇಲೆ ಸಾನ್ವಿ ತಮ್ಮನನ್ನು ತೂಗಲು ಶುರುಮಾಡಿದಳು. ಒಂದು ಜೋರಾದ ತೂಗಿಗೆ ಹಿಡಿಕೆ ಕೆಳಗಿಳಿದಿತ್ತು.

ನನಗೆ ಸುಮ್ಮನೆ ಊಹೆ ಬರೆದು ಅಭ್ಯಾಸವಿಲ್ಲ. ಸೀರೆಯನ್ನು ಅವರ ಕೈಯಿಂದಲೇ ಮೊದಲಿನಂತೆ ಹಿಡಿದು ತೋರಿಸಲು ಹೇಳಿದೆ. ಗಂಗವ್ವ ಒಂದು ತುದಿಯನ್ನು ಹಿಡಿಕೆಯ ಹತ್ತಿರಕ್ಕೆ, ಮಲ್ಲೇಶ ಇನ್ನೊಂದನ್ನು ಕಂಬಿಯ ಹತ್ತಿರಕ್ಕೆ ಹಿಡಿದರು. ಸೀರೆಯ ನಡುಭಾಗ ಎಲ್ಲಿ ಬರುತ್ತದೆಂದು ನೋಡಿದೆ. ನೇರ ಕೆಳಗೆ, ಎರಡು ಸೀಟಿನ ನಡುವೆ, ಅವರ ತಗಡಿನ ಟ್ರಂಕು ನಿಂತಿತ್ತು. ಅದರ ಮೂಲೆಗೆ ಹೊಡೆದ ಪಟ್ಟಿ ಎದ್ದು ಚೂಪಾಗಿತ್ತು. ಆ ಹಿಡಿಕೆ ಇರುವುದೇ ಎಳೆದರೆ ಇಳಿಯಲೆಂದು. ಅದು ಇಳಿದಾಗ ಗಂಟು ಜಾರಲಿಲ್ಲ, ಅಷ್ಟೇ. ಜಾರಿದ್ದರೆ ಏನಾಗುತ್ತಿತ್ತು ಎಂಬುದು ಕಣ್ಣಿಗೆ ಕಟ್ಟಿತು. ಅಲ್ಲೇ ಸೀಟಿನ ಅಂಚಿಗೆ ಕುಳಿತು ಆ ಪಟ್ಟಿಯ ಚೂಪನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮೂವತ್ತಕ್ಕೂ ಹೆಚ್ಚು ವರ್ಷದ ನೌಕರಿಯಲ್ಲಿ ಹಳಿಯ ಮೇಲೆ ನೋಡಬಾರದ್ದನ್ನೆಲ್ಲ ನೋಡಿದ್ದೇನೆ. ಆಗದೇ ಉಳಿದ ಒಂದು ಸಂಗತಿಗೆ ಅಷ್ಟು ಹೆದರಿದ್ದು ಅದೊಂದೇ ಸಲ.

“ಸಾಹೇಬ್ರ, ನೀರ ಕುಡೀರಿ,” ಎಂದು ಶೋಭಾ ಬಾಟಲಿ ಕೊಟ್ಟಳು. ಆರೋಪಿಗಳ ಕಡೆಯವರಿಂದಲೇ ನೀರು ಇಸಿದುಕೊಂಡು ಕುಡಿದೆ.

ಆಗ ಕನ್ನಡಕದ ಗೃಹಸ್ಥರು ಮೆಲ್ಲಗೆ ಹತ್ತಿರ ಬಂದರು. “ಸುಮ್ಮ ಹಗೂರ ಮಾಡ್ರಿ ಗಾರ್ಡ್ ಸಾಹೇಬ್ರ. ಮುದುಕಗ ಎದಿ ಹಿಡಕೊಂಡಿತ್ತು, ಅದಕ್ಕ ಎಳದ್ರು ಅಂತ ಬರದಬಿಡ್ರಿ. ಸಕಾರಣ ಆತು. ಯಾರಿಗೂ ತ್ರಾಸಿಲ್ಲ.”

ಗಿರಿಮಲ್ಲಪ್ಪ ತಕ್ಷಣ ಎದೆಯ ಮೇಲೆ ಕೈ ಇಟ್ಟುಕೊಂಡರು. “ಹೌದ್ರಿ, ಈಗೂ ಹಿಡದೈತಿ.”

“ಕೈ ಬಲಗಡಿ ಐತಿ, ಎದಿ ಎಡಗಡಿ ಇರತೈತಿ,” ಎಂದರು ಗಂಗವ್ವ.

ಈ ಸಲ ಮನೆಯವರೂ ನಕ್ಕರು. ನನಗೂ ಆಸೆಯಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ಒಂದು ಸಾಲು ಬರೆದರೆ ನಾನೂ ಹಗುರ, ಅವರೂ ಹಗುರ. ಆದರೆ ಎದೆನೋವು ಎಂದು ಬರೆದರೆ ಲೋಂಡಾಕ್ಕೆ ವೈದ್ಯರನ್ನು ಕರೆಸಬೇಕು. ಆ ವಯಸ್ಸಿನವರನ್ನು ಪರೀಕ್ಷೆ ಮಾಡದೆ ಘಾಟಿನ ಇಳಿಜಾರಿಗೆ ಯಾವ ವೈದ್ಯರೂ ಕಳುಹಿಸುವುದಿಲ್ಲ. ಸುಳ್ಳು ಬರೆದರೂ ಅವರು ಇಳಿಯಲೇಬೇಕು. ನಿಜ ಬರೆದರೆ ಇಳಿಸಬಹುದು, ಇಳಿಸದೆಯೂ ಇರಬಹುದು. ಇದನ್ನು ಗಿರಿಮಲ್ಲಪ್ಪನವರಿಗೆ ಬಿಡಿಸಿ ಹೇಳಿದೆ. ಅವರು ಎದೆಯ ಮೇಲಿನ ಕೈ ಇಳಿಸಿದರು.

ಗಂಗವ್ವ ಮಾತ್ರ ನನ್ನನ್ನೇ ನೋಡಿ ಹೇಳಿದರು: “ಕಟ್ಟಿದಾಕಿ ನಾ. ಇಳಸೂದಾದ್ರ ನನ್ನೊಬ್ಬಾಕಿನ್ನ ಇಳಸ್ರಿ. ಹುಡುಗರು ಹೋಗಿ ಸಮುದ್ರ ನೋಡಿ ಬರಲಿ. ಹೊಳ್ಳಿ ಬರುವಾಗ ನನ್ನ ಕರಕೊಂಡ ಹೋಗತಾರ.”

“ಆಯಿ ಇಲ್ಲದ ನಾ ಒಲ್ಲೆ,” ಎಂದು ಸೀಟಿನ ಕೆಳಗಿಂದ ಸಾನ್ವಿಯ ದನಿ ಬಂತು.

ಗಾಡಿ ಹೊರಡುವ ಮುನ್ನ ಕೂಸಿನ ತೂಕ ಎಷ್ಟಿರಬಹುದು ಎಂದು ಕೇಳಿದೆ. “ಇರಬಹುದು ಅಲ್ರಿ, ಐತಿ. ಏಳು ಕಿಲೋ ಇನ್ನೂರು ಗ್ರಾಂ,” ಎಂದರು ಗಿರಿಮಲ್ಲಪ್ಪ. ಗಿರಣಿ ಬಂದ್ ಇರುವ ಅಮಾವಾಸ್ಯೆಗೊಮ್ಮೆ ಆ ಮನೆಯ ಮಕ್ಕಳನ್ನು ಹಿಟ್ಟಿನ ತಕ್ಕಡಿಯಲ್ಲಿ ಕೂರಿಸಿ ತೂಗುವುದು ಅವರ ರೂಢಿಯಂತೆ. ಏಳು ಕಿಲೋ ಅಲುಗದೆ ಜೋತುಬಿದ್ದರೆ ಆ ಹಿಡಿಕೆ ತಡೆದೀತು, ತೂಗಿದರೆ ತಡೆಯದು. ಎಲ್ಲವೂ ಒಂದಕ್ಕೊಂದು ಕೂಡಿತು. ಬ್ರೇಕ್ ವ್ಯಾನಿಗೆ ಮರಳಿ, ಲೋಂಡಾ ಬರುವುದರೊಳಗೆ ವರದಿ ಬರೆದೆ: ಹಿಡಿಕೆಗೆ ಸೀರೆಯ ಜೋಳಿಗೆ ಕಟ್ಟಲಾಗಿತ್ತು, ಕೂಸಿನ ಭಾರಕ್ಕೆ, ತೂಗುವಿಕೆಯಿಂದ ಹಿಡಿಕೆ ಇಳಿಯಿತು, ಗಾಡಿ ನಿಲ್ಲಿಸುವ ಉದ್ದೇಶ ಯಾರಿಗೂ ಇದ್ದಂತೆ ಕಾಣಲಿಲ್ಲ, ಕೂಸಿಗೆ ಪೆಟ್ಟಾಗಿಲ್ಲ.

ಲೋಂಡಾದಲ್ಲಿ ರಕ್ಷಣಾ ದಳದ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಒಬ್ಬರು ನನ್ನ ವರದಿಯನ್ನು ನಿಂತಲ್ಲೇ ಎರಡು ಸಲ ಓದಿ ಬೋಗಿ ಹತ್ತಿದರು. ನಾನೂ ಜೊತೆಗೆ ಹೋಗುತ್ತ, ತಾನೇ ಎಳೆದದ್ದೆಂದು ಮುಂದೆ ಬಂದ ಮೂವರ ಮಾತನ್ನೂ ಹೇಳಿದೆ. ಹಿಡಿಕೆ, ಕಂಬಿ, ಟ್ರಂಕಿನ ಮೂಲೆ ಮೂರನ್ನೂ ನೋಡಿದರು. ಟ್ರಂಕಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರು.

“ಎಳದವರು ಯಾರು?”

ನಾನು ಗಂಗವ್ವನ ತೊಡೆಯ ಮೇಲೆ ಬಿಕ್ಕುತ್ತಿದ್ದ ಕೂಸನ್ನು ತೋರಿಸಿದೆ.

ಅವರು ನಗಲಿಲ್ಲ. “ಕಟ್ಟಿದವರು?”

“ನಾ,” ಎಂದು ಗಂಗವ್ವ ಎದ್ದು, ಕೂಸನ್ನು ಸೊಸೆಯ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿದರು. ಇಳಿಯಲು ತಯಾರಾಗಿಯೇ ಇದ್ದರು.

“ಎಲ್ಲಿಗೆ ಹೊಂಟೀರಿ? ಕುಂಡ್ರಿ.” ಇನ್‌ಸ್ಪೆಕ್ಟರ್ ಅವರ ಹೇಳಿಕೆಯನ್ನು ಬರೆದುಕೊಂಡು ಸಹಿ ಹಾಕಿಸಿದರು. “ಹಿಡಿಕಿ ಮುಟ್ಟಿದ್ದು ತಪ್ಪ. ತಿಳೀದ ಮಾಡೀರಿ ಅಂತ ಎಚ್ಚರಿಕಿ ಕೊಟ್ಟ ಬಿಡಾಕ ಹತ್ತೇನಿ. ಇನ್ನ ಇಳಿಯೂ ತನಕ ಈ ಗಾಡ್ಯಾಗಿನ ಯಾವ ಕಬ್ಬಣಕ್ಕೂ ಜೋಳಿಗಿ ಕಟ್ಟೂ ಹಂಗಿಲ್ಲ.”

“ಮತ್ತ ಇದು ಮಲಗೂದು ಹೆಂಗ್ರಿ?” ಎಂದು ಗಂಗವ್ವ ಕೇಳಿಯೇಬಿಟ್ಟರು.

ಇನ್‌ಸ್ಪೆಕ್ಟರ್ ಗಿರಿಮಲ್ಲಪ್ಪನವರನ್ನೂ ಮಲ್ಲೇಶನನ್ನೂ ನೋಡಿದರು. “ಇಬ್ಬರು ಗಂಡಸರ ಇದ್ದೀರಲಾ? ಆ ಕಡಿ ಒಬ್ಬರು, ಈ ಕಡಿ ಒಬ್ಬರು ಹಿಡೀರಿ. ಚೈನ್ ಎಳ್ಯಾಕ ಮುಂದ ಬಂದಿದ್ರಂತಲ್ಲ, ಈಗ ಎಳೀರಿ.”

ಅದೇ ತೀರ್ಪಾಯಿತು. ಟ್ರಂಕನ್ನು ಸೀಟಿನ ಕೆಳಗೆ ದೂಡಿದರು. ಎದುರುಬದುರು ಸೀಟಿನಲ್ಲಿ ಅಪ್ಪ ಮಗ ಕುಳಿತು ಸೀರೆಯ ತುದಿಗಳನ್ನು ಮುಂಗೈಗೆ ಸುತ್ತಿಕೊಂಡರು. ಕೂಸು ನಡುವೆ, ನೆಲದಿಂದ ಗೇಣೆರಡು ಗೇಣು ಮೇಲೆ ತೂಗಿತು. ಬಿದ್ದರೂ ಬೀಳಲು ಕೆಳಗೆ ಶೋಭಾ ಹಾಸಿದ ಕೌದಿ ಇತ್ತು. ಸಾನ್ವಿ ಸೀಟಿನ ಕೆಳಗಿಂದ ಹೊರಗೆ ಬಂದು, ಇನ್‌ಸ್ಪೆಕ್ಟರ್ ಇಳಿದರೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಒಂದೇ ಬೆರಳಿನಿಂದ ತಮ್ಮನನ್ನು ತೂಗಿದಳು. ನಾನು ಹಸಿರು ಬಾವುಟ ತೋರಿಸಲು ಓಡಿದೆ.

ಗೋವಾದ ಕೊನೆಯ ನಿಲ್ದಾಣ ವಾಸ್ಕೋದಲ್ಲಿ ಗಾಡಿ ಖಾಲಿಯಾದ ಮೇಲೆ ಅವರನ್ನು ಪ್ಲಾಟ್‌ಫಾರ್ಮಿನ ಮೇಲೆ ಕಂಡೆ. ಕೂಸು ಗಂಗವ್ವನ ಹೆಗಲ ಮೇಲೆ ಗಾಢ ನಿದ್ದೆಯಲ್ಲಿತ್ತು. ಗಿರಿಮಲ್ಲಪ್ಪ ಎರಡೂ ರಟ್ಟೆ ಒತ್ತಿಕೊಳ್ಳುತ್ತಿದ್ದರು. ಘಾಟಿನುದ್ದಕ್ಕೂ ಅವರೇ ಹಿಡಿದಿದ್ದರಂತೆ. ಆಚೆ ತುದಿಗೆ ಮಗನೂ ಕನ್ನಡಕದ ಗೃಹಸ್ಥರೂ ಸರದಿ ಬದಲಿಸಿದರಂತೆ.

“ಸಾಹೇಬ್ರ, ಜೋಳದ ಚೀಲ ಹೊತ್ತ ಕೈ ಇವು,” ಎಂದರು. “ಏಳು ಕಿಲೋ ಇಷ್ಟ ವಜ್ಜ ಇರತೈತಿ ಅಂತ ಇವತ್ತ ಗೊತ್ತಾತು.”

ವರದಿ ಎನ್ನುವುದು ತಪ್ಪಿತಸ್ಥರನ್ನು ಹಿಡಿದುಕೊಡುವ ಕಾಗದ ಎಂದು ನೌಕರಿಯ ಬಹುಕಾಲ ನಾನು ತಿಳಿದಿದ್ದೆ. ನಿವೃತ್ತಿಗೆ ಹತ್ತಿರವಾದಾಗ ಆ ಸೀರೆ, ಆ ಹಿಡಿಕೆ, ಆ ಟ್ರಂಕಿನ ಮೂಲೆ ಬೇರೆಯದನ್ನು ಕಲಿಸಿದವು. ಕರುಣೆಯಿಂದ ಬರೆಯಹೊರಟ ಒಂದು ಸುಳ್ಳು ಆರು ಜನರನ್ನು ಲೋಂಡಾದಲ್ಲಿ ಇಳಿಸುತ್ತಿತ್ತು. ಕಂಡದ್ದನ್ನು ಕಂಡಷ್ಟೇ ಬರೆದದ್ದರಿಂದ ಅವರು ಸಂಜೆಗೆ ಸಮುದ್ರದ ನೀರಲ್ಲಿ ಕಾಲಿಟ್ಟರು. ಆಮೇಲೆ ಉಳಿದ ದಿನಗಳಲ್ಲಿ ಚೈನ್ ಎಳೆದ ಯಾವ ಬೋಗಿ ಹತ್ತಿದರೂ, ಎಳೆದವರು ಯಾರೆಂದು ಕೇಳುವ ಮೊದಲು ಆ ಹಿಡಿಕೆಯ ಕೆಳಗೆ ಏನಿದೆ ಎಂದು ನೋಡುತ್ತಿದ್ದೆ.