ಫಾರಂನಲ್ಲಿ ನಾನು ಬರೆಸಿದ ಸುಳ್ಳು

ಬ್ರಹ್ಮಾವರದ ಆ ವೃದ್ಧಾಶ್ರಮದ ಮ್ಯಾನೇಜರನನ್ನು ಇವತ್ತಿಗೂ ಕಂಡರಾಗದು. ಇಸ್ತ್ರಿ ಮಾಡಿದ ಶರ್ಟು, ಸೀರೆ ಅಂಗಡಿಯವನ ನಗು. "ಇದು ವೃದ್ಧಾಶ್ರಮ ಅಲ್ಲ ಸಾರ್, ಹಿರಿಯರ ರೆಸಾರ್ಟ್" ಎಂದಿದ್ದ. ಆದರೆ ಸುಳ್ಳು ಹೇಳೆಂದು ಅವನೇನೂ ಕೇಳಿರಲಿಲ್ಲ. ಹೇಳಿದವನು ನಾನೇ.

ಅಮ್ಮನಿಗೆ ಎಂಬತ್ತೊಂಬತ್ತು, ನನಗೆ ಎಪ್ಪತ್ತು. ಕುಂದಾಪುರದ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಅಮ್ಮ ಎರಡು ಸಲ ಬಚ್ಚಲಲ್ಲಿ ಬಿದ್ದಳು. ಎರಡನೇ ಸಲ ಎತ್ತಲು ಹೋಗಿ ನಾನೂ ಅವಳ ಪಕ್ಕದಲ್ಲೇ ಕುಸಿದು ಕೂತೆ. "ಒಂದ್ ಮುದ್ಕಿ ಸಾಲದಾ, ನೀನೂ ಬಿದ್ಯಾ?" ಎಂದು ನಕ್ಕಳು. ನೋಡಿಕೊಳ್ಳುವವರಿರುವ ಜಾಗ ಹುಡುಕಲು ಅವಳೇ ಹೇಳಿದಳು.

ಮೊದಲು ಕಂಡದ್ದು ಬೈಂದೂರಿನದು. ಹಂಚಿನ ಮನೆ, ಎಂಟು ಮಂಚ, ಹಿತ್ತಿಲಲ್ಲಿ ಕೋಳಿ. ನಡೆಸುವ ಹೆಂಗಸು ಹಿಂಬಾಗಿಲಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದಳು. ಅಮ್ಮ ಕೋಲೂರಿಕೊಂಡು ಹೋಗಿ ಒಂದು ಮೀನೆತ್ತಿ, ಕಿವಿರು ಬಿಡಿಸಿ ನೋಡಿ, "ಹೆಣೆ, ಇದ್ ನಿನ್ನೆದ್. ನಿಂಗ್ ಟೊಪ್ಪಿ ಹಾಕಿರ್" ಎಂದಳು.

"ಹೌದಾ ಅಮ್ಮ? ಹಂಗಾರೆ ನಾಳಿಂದ ಪ್ಯಾಟಿಗೆ ನೀವೇ ಬನ್ನಿ, ಮೀನ್ ಆರ್ಸಿ ತಪ್ಪುಕೆ."

ಇಬ್ಬರೂ ನಕ್ಕರು. ನಾನು ಮೂಗಿಗೆ ಕರವಸ್ತ್ರ ಹಿಡಿದು ಕಾರಿನ ಹತ್ತಿರ ನಿಂತಿದ್ದೆ.

ಅಮ್ಮ ಮೀನು ಹೊತ್ತು ಮಾರಿ ನನ್ನನ್ನು ಹೈಸ್ಕೂಲು ಓದಿಸಿದವಳು. ನಾನು ಮುಂಬೈಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿ, ನಮ್ಮ ಮನೆಯಲ್ಲೂ ಮೀನು ಮುಟ್ಟುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತ ಬಂದವನು. ಊರಿಗೆ ಬಂದಾಗ ಅವಳ ಕೈಯ ಮೀನುಸಾರನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದೆ. ಇಂಥ ಗಂಡಸಿಗೆ ಏನೆನ್ನಬೇಕೋ ನೀವೇ ಹೇಳಿ.

ಬ್ರಹ್ಮಾವರದ್ದು ನನ್ನಂಥವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಗ್ರಾನೈಟ್ ನೆಲ, ಲಿಫ್ಟು, ಫಿನಾಯಿಲಿನ ವಾಸನೆಯ ಮೇಲೆ ಊದುಬತ್ತಿಯ ವಾಸನೆ. ಮ್ಯಾನೇಜರ್ ಅಮ್ಮನನ್ನು ಒಂದು ಮಾತೂ ಕೇಳದೆ ನನ್ನನ್ನೇ ನೋಡುತ್ತ ಫಾರಂ ತುಂಬಿದ.

"ಇಲ್ಲಿ ಶುದ್ಧ ಸಸ್ಯಾಹಾರ ಸಾರ್. ಅಮ್ಮನಿಗೆ ತೊಂದರೆ ಇಲ್ಲವಲ್ಲ?"

"ಛೆ, ನಮ್ಮ ಮನೆಯಲ್ಲಿ ಮೊದಲಿಂದಲೂ ಅದೇ" ಎಂದೆ. ಅಮ್ಮ ತನ್ನ ಕೈ ನೋಡಿಕೊಂಡಳು.

ವಾಪಸು ಬರುವಾಗ ಸಾಸ್ತಾನದ ಟೋಲಿನಲ್ಲಿ ಕಾರುಗಳ ಸಾಲು. ಅಲ್ಲಿ ಕೇಳಿದಳು: "ಹಂಗಾರೆ ಮಗಾ, ಅಷ್ಟ್ ವರ್ಷ ನಾನ್ ತಲಿ ಮೇಲೆ ಹೊತ್ತದ್ ಎಂತ?"

ಹಾರ್ನ್ ಹೊಡೆದನೆಂದು ಹಿಂದಿನ ಕಾರಿನವನಿಗೆ ಬೈದೆ.

ಆದರೂ ಅಲ್ಲೇ ಸೇರಿಸಿದೆ. ನೋಡಲು ಬಂದ ನೆಂಟರು ಲಿಫ್ಟನ್ನು ಹೊಗಳಿದರು. ಅಮ್ಮನ ತಟ್ಟೆಯನ್ನು ಒಬ್ಬರೂ ನೋಡಲಿಲ್ಲ, ನಾನೂ. ನಾಲ್ಕು ತಿಂಗಳಲ್ಲಿ ಅವಳ ರವಿಕೆಯ ತೋಳು ಜೋತಾಡತೊಡಗಿತು. "ವಯಸ್ಸು ಸಾರ್" ಎಂದ ಮ್ಯಾನೇಜರ್.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಕುಂಬಳಕಾಯಿ ಹುಳಿಯ ಎದುರು ಅಮ್ಮ ತಟ್ಟೆಗೆ ಕೈ ಹಾಕದೆ ಕೂತಿದ್ದಳು. ಪಕ್ಕದ ಮುದುಕಿ ಮೀನು ತಿನ್ನುವವರ ಬಗ್ಗೆ ಮೂಗು ಮುರಿದು ಏನೇನೋ ಹೇಳುತ್ತಿದ್ದಳು. ಅಮ್ಮ "ಹೌದ್, ಹೌದ್" ಎನ್ನುತ್ತಿದ್ದಳು. ಬದುಕಿಡೀ ಸಂತೆಯಲ್ಲಿ ಯಾರಿಗೂ ಬಗ್ಗದವಳು ನನ್ನ ಸುಳ್ಳನ್ನು ಕಾಯುತ್ತ ಕೂತಿದ್ದಳು.

"ಬೈಂದೂರಿಗೆ ಹೋಪನಾ?" ಎಂದು ಕೇಳಿದೆ.

"ಬ್ಯಾಡ. ಯಾರಾರೂ ಕಂಡ್ರೆ ನಿನ್ ಮರ್ಯಾದಿ ಎಂತ ಆತ್ತ್?"

ಕೆಳಗಿಳಿದು, ಕೌಂಟರಿನ ಹತ್ತಿರ ನಿಂತವರೆಲ್ಲ ಕೇಳುವ ಹಾಗೆ ಮ್ಯಾನೇಜರನಿಗೆ ಹೇಳಿದೆ: ನನ್ನ ತಾಯಿ ಮೀನು ಮಾರಿದವಳು, ನಾನು ಬರೆಸಿದ್ದು ಸುಳ್ಳು, ಅವಳನ್ನು ಕರೆದೊಯ್ಯುತ್ತೇನೆ. "ಹಾಗಾದರೆ ಫಾರಂ ತಿದ್ದುವುದು ಬೇಡ ಬಿಡಿ ಸಾರ್" ಎಂದ. ಎಪ್ಪತ್ತು ವರ್ಷಕ್ಕೆ ನಾನು ಬಾಯಿಬಿಟ್ಟ ನಿಜ. ಅವನಿಗೆ ಒಂದು ಹಾಳೆ ಉಳಿದ ಸಮಾಧಾನ.

ಬೈಂದೂರಿನ ಹೆಂಗಸು ಗುರುತು ಹಿಡಿದಳು. ಊಟದ ಹೊತ್ತಾಗಿತ್ತು. "ಅಮ್ಮ, ಮೀನ್ ತಿಂತ್ರಿ ಅಲ್ದಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ನಾನ್ ತಿಂತೆ. ಇವನ್ ಮನಿಯಂಗೆ ಮೊದ್ಲಿಂದ್ಲೂ ಇಲ್ಲ ಅಂಬ್ರ್. ಇವ್ನಿಗೆ ಬರೀ ಗಂಜಿ ಹಾಕ್."

ಅವಳ ಪಕ್ಕ ಕೂತು ಗಂಜಿಯನ್ನೇ ಉಂಡೆ.