ಹುಳದ ಮನೆಯ ಗೋಡೆಯ ಮೇಲಿದ್ದ ನಗು

ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆಸ್ಪತ್ರೆಯ ಮೆಟ್ಟಿಲಾಗಲಿ, ಮದುವೆ ಛತ್ರದ ಹಿತ್ತಲಾಗಲಿ, ಅದು ಬಂದ ಕೂಡಲೇ ನಾನು ಕಳವಾರದ ನಮ್ಮ ಹುಳದ ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ರೇಷ್ಮೆ ಹುಳ ಮೇಯುವ ಸರಸರ ಸದ್ದು, ಗೋಡೆ ತುಂಬ ದೊಡ್ಡಪ್ಪ ಬರೆದ ಸೈನಿಕರು. ದೊಡ್ಡಪ್ಪ ಸೈನ್ಯದಲ್ಲಿದ್ದದ್ದು ಚಿತ್ರ ಬರೆಯುವುದಕ್ಕೆ. ಗಡಿಯಲ್ಲಿ ಯುದ್ಧವಾದಾಗ ಅವನನ್ನು ಮುಂಚೂಣಿಗೇ ಕಳಿಸಿದ್ದರು. ಗುಂಡು ಹಾರುತ್ತಿದ್ದರೂ ಮೊಣಕಾಲ ಮೇಲೆ ಹಲಗೆಯಿಟ್ಟುಕೊಂಡು ನೀರುಬಣ್ಣದಲ್ಲಿ ಬರೆದನಂತೆ. ಆ ಚಿತ್ರಗಳಲ್ಲಿ ತೋಪು, ಬಾವುಟ ಏನೂ ಇರಲಿಲ್ಲ. ಚಹಾ ಊದಿಕೊಂಡು ಕುಡಿಯುವವನು, ಒದ್ದೆ ಕಾಲುಚೀಲ ಹಿಂಡುವವನು, ಮನೆಯ ಕಾಗದ ಓದುತ್ತ ನಗುವವನು. ಅವರಲ್ಲಿ ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಅಜ್ಜಿಯ ತಕರಾರು ಅದೇ. "ಸತ್ತೋರ ಪಟ ನಡುಮನೇಲಿ ಬೇಡಪ್ಪ. ಯಾರ ಮನೆ ಸೂತಕಾನೋ ಏನೋ" ಎಂದು ಹಠ ಹಿಡಿದಳು. ದೇಶಕ್ಕಾಗಿ ಸತ್ತವರಿಗೆ ನಮ್ಮಲ್ಲಿ ಸಿಕ್ಕಿದ್ದು ಹುಳದ ಮನೆಯ ಗೋಡೆ.

ಆ ನಗುವವನ ತಾಯಿಯಿಂದ ಒಂದು ದಿನ ಹಿಂದಿಯಲ್ಲಿ ಕಾಗದ ಬಂತು. ದೊಡ್ಡಪ್ಪ ಅದನ್ನು ನಮಗೆ ಕನ್ನಡದಲ್ಲಿ ಓದಿ ಹೇಳಿದ. ಮಗ ಸತ್ತ ದಿನ ಬೆಳಿಗ್ಗೆ ನೀವು ಅವನ ಚಿತ್ರ ಬರೆದಿರೆಂದು ಅವನ ಜೊತೆಗಾರ ಹೇಳಿದ, ಆವತ್ತು ಅವನು ಹೇಗಿದ್ದನೆಂದು ನೋಡಬೇಕು ಎಂದಷ್ಟೇ ಬರೆದಿದ್ದಳು. ಚಿತ್ರ ಮಡಿಕೆಯಾಗದಂತೆ ಕಳಿಸಲು ರಟ್ಟಿನ ಕೊಳವೆ ತರುತ್ತೇನೆಂದು ದೊಡ್ಡಪ್ಪ ಮರುದಿನವೇ ಚಿಕ್ಕಬಳ್ಳಾಪುರಕ್ಕೆ ಹೋದ. ಅಂದೇ ಅಪ್ಪ ಔಷಧಿ ಹೊಡೆಯುವ ಪಂಪು ಬೆನ್ನಿಗೇರಿಸಿದ. ಹೊಸ ಮರಿಹುಳ ಬರುವ ಮೊದಲು ಗೋಡೆಗಳಿಗೆಲ್ಲ ಬ್ಲೀಚಿಂಗ್ ನೀರು ಹೊಡೆಯಬೇಕಿತ್ತು. "ಪಟ ತೆಗೆದಿಡಣಪ್ಪ" ಎಂದೆ. "ಅವಕ್ಕೂ ರೋಗ ಅಂಟಿರ್ತದೆ ಕಣಮ್ಮ. ಹುಳ ಸತ್ರೆ ನಿಮ್ಮ ದೊಡ್ಡಪ್ಪ ಬದುಕಿಸ್ತಾನಾ?" ಎಂದು ಚಿತ್ರಗಳ ಮೇಲೇ ಹೊಡೆದ. ಹತ್ತು ಮೊಳೆ ಕೀಳುವ ಕೆಲಸ. ಅಪ್ಪ ಕೀಳಲಿಲ್ಲ, ನಾನೂ ಕೀಳಲಿಲ್ಲ.

ಸಂಜೆ ದೊಡ್ಡಪ್ಪ ಕೊಳವೆ ಹಿಡಿದು ಬಂದಾಗ ಬಿಳಿಚಿದ ಕಾಗದಗಳು ಗೋಡೆಯಿಂದ ಜೋತುಬಿದ್ದಿದ್ದವು. ಆ ಹುಡುಗನನ್ನು ನೆನಪಿನಿಂದಲೇ ಮತ್ತೆ ಬರೆಯಲು ಪೆನ್ಸಿಲು ಹಿಡಿದು ಮೂರು ದಿನ ಜಗಲಿಯಲ್ಲಿ ಕೂತ. ಮೂಗು ಬಂತು, ಟೋಪಿ ಬಂತು. "ನಗು ಬರ್ತಾ ಇಲ್ಲ ಕಣಮ್ಮ. ಆ ತಾಯಿಗೆ ಸುಳ್ಳು ಮುಖ ಹೆಂಗೆ ಕಳಿಸ್ಲಿ?" ಎಂದ. ಆಮೇಲೆ ಅವನು ಕುಂಚ ಮುಟ್ಟಲಿಲ್ಲ. ಆ ಸಲ ಹುಳ ಚೆನ್ನಾಗಿ ಗೂಡು ಕಟ್ಟಿತೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ.

ಈಗ ಅವರು ಯಾರೂ ಇಲ್ಲ. ಹುಳದ ಮನೆ ಕೆಡವಿದ ಜಾಗದಲ್ಲಿ ಸ್ಕಂದಗಿರಿ ಹತ್ತಲು ಬಂದವರ ಕಾರುಗಳು ನಿಲ್ಲುತ್ತವೆ. ಪಕ್ಕದಲ್ಲೇ ದೊಡ್ಡಪ್ಪನ ಫ್ಲೆಕ್ಸು, 'ನಮ್ಮೂರ ವೀರಯೋಧ' ಎಂದು. ಅವನ ಬೆನ್ನ ಹಿಂದೆ ಅವನು ಎಂದೂ ಬರೆಯದ ಟ್ಯಾಂಕು. ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ಗೋಡೆ ಇದ್ದಿರಬಹುದು, ನೀವೂ ನನ್ನ ಹಾಗೆ ಒಂದು ಮಾತು ಹೇಳಿ ಸುಮ್ಮನಾಗಿರಬಹುದು. ಆ ರಟ್ಟಿನ ಕೊಳವೆ ನನ್ನ ಹತ್ತಿರ ಉಳಿದಿದೆ. ದೊಡ್ಡಪ್ಪ ಬಸ್ಸಿನಲ್ಲೇ ಕೂತು ಅದರ ಮೇಲೆ ವಿಳಾಸ ಬರೆದಿದ್ದ. ಆ ತಾಯಿಗೆ ನಮ್ಮ ಮನೆಯಿಂದ ಯಾರೂ ಒಂದು ಸಾಲು ಉತ್ತರ ಬರೆಯಲಿಲ್ಲ.